ಸೋಮವಾರದ ಹೊಟ್ಟೆನೋವು

ಸೋಮವಾರ ಬೆಳಿಗ್ಗೆ ಏಳೂವರೆಗೆ ಶುರುವಾಗಿ, ಶಾಲೆಯ ವ್ಯಾನು ಬೀದಿಯ ತಿರುವು ದಾಟಿದ ಹತ್ತೇ ನಿಮಿಷಕ್ಕೆ ಮಾಯವಾಗುವ ಹೊಟ್ಟೆನೋವನ್ನು ಕಾಣದ ಮನೆ ಕಡಿಮೆ. ಎಲ್ಲಿ ನೋವು ಎಂದರೆ ಮಗು ಹೊಕ್ಕುಳಿನ ಮೇಲೆ ಅಂಗೈ ಇಡುತ್ತದೆ. ಅಜ್ಜಿ ಓಮದ ಡಬ್ಬಿ ಹುಡುಕುತ್ತಾರೆ. ಅಮ್ಮ ಹಣೆ ಮುಟ್ಟಿ ನೋಡಿ, ಮೈ ಬಿಸಿಯಿಲ್ಲ ಎನ್ನುತ್ತಾರೆ. 'ಹೋಂವರ್ಕ್ ಮುಗಿಸಿಲ್ಲ, ಅದಕ್ಕೇ ಈ ನಾಟಕ' ಎಂದು ಅಪ್ಪ ಶೂ ಹಾಕಿಸಲು ಕೂರುತ್ತಾರೆ. ಆರ್. ಕೆ. ನಾರಾಯಣರ ಕಥೆಯಲ್ಲಿ ಸ್ವಾಮಿ ಹೇಳಿದ್ದು ತಲೆನೋವು ಎಂದು. ಅದು ಬಂದದ್ದೂ ಸೋಮವಾರವೇ.

ಮಕ್ಕಳ ಯೋಗಕ್ಷೇಮದ ಕಾರ್ಯಾಗಾರಗಳಿಗೆ ಈಗ ಬರವಿಲ್ಲ. ಒತ್ತಡ ನಿರ್ವಹಣೆ, ಭಾವನಾತ್ಮಕ ಕಲಿಕೆ, ಸಂತಸದ ಕಲಿಕೆ ಎಂದೆಲ್ಲ ಫ್ಲೆಕ್ಸ್ ಕಟ್ಟಿರುತ್ತಾರೆ. ಅದೇ ಫ್ಲೆಕ್ಸಿನ ಕೆಳಗೆ ಒಂದನೇ ತರಗತಿಯ ಮಗುವೊಂದು ಮೂತ್ರ ತಡೆದುಕೊಂಡು ಕಾಲು ಜೋಡಿಸಿ ಕೂತಿರುತ್ತದೆ. ನಾನು ಹೇಳಹೊರಟಿರುವುದು ಇಷ್ಟೆ: ಆರರಿಂದ ಹತ್ತು ವರ್ಷದ ಮಕ್ಕಳಿಗೆ 'ನನಗೆ ಭಯವಾಗುತ್ತಿದೆ', 'ನನ್ನನ್ನು ಯಾರೂ ಆಟಕ್ಕೆ ಸೇರಿಸಿಕೊಳ್ಳುತ್ತಿಲ್ಲ' ಎಂದು ಬಿಡಿಸಿ ಹೇಳಲು ಬರುವುದಿಲ್ಲ. ಅವರ ಬದಲಿಗೆ ಹೊಟ್ಟೆ ಹೇಳುತ್ತದೆ. ಆ ಸುದ್ದಿಯ ಅರ್ಧ ಮನೆಗೆ ಗೊತ್ತಿರುತ್ತದೆ, ಇನ್ನರ್ಧ ಶಾಲೆಗೆ. ರಾತ್ರಿ ಎಷ್ಟು ಗಂಟೆಗೆ ಮಲಗಿತು ಎಂಬುದು ಟೀಚರಿಗೆ ಗೊತ್ತಿಲ್ಲ. ಮಧ್ಯಾಹ್ನ ಯಾರ ಪಕ್ಕ ಊಟಕ್ಕೆ ಕೂತಿತು ಎಂಬುದು ತಾಯಿಗೆ ಗೊತ್ತಿಲ್ಲ. ಎರಡನ್ನೂ ಕೂಡಿಸಿ ನೋಡುವ ಕೆಲಸ ಯಾರ ಪಾಲಿಗೂ ಬಂದಿಲ್ಲ.

ನೋವು ಸುಳ್ಳಲ್ಲ ಎಂಬುದನ್ನು ಮೊದಲು ಇತ್ಯರ್ಥ ಮಾಡಿಕೊಳ್ಳೋಣ. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಜಾನ್ ಆಪ್ಲಿ ಎಂಬ ಮಕ್ಕಳ ವೈದ್ಯರಿದ್ದರು. ಅವರು ಸಹೋದ್ಯೋಗಿಯೊಬ್ಬರ ಜೊತೆ ಸೇರಿ ಸಾವಿರ ಶಾಲಾಮಕ್ಕಳನ್ನು ವಿಚಾರಿಸಿ 1958ರಲ್ಲಿ ಒಂದು ವರದಿ ಪ್ರಕಟಿಸಿದರು. ಮೂರು ತಿಂಗಳಲ್ಲಿ ಕನಿಷ್ಠ ಮೂರು ಸಲ, ಆಟ-ಪಾಠ ಕೆಡುವಷ್ಟು ಜೋರಾಗಿ ಹೊಟ್ಟೆನೋವು ಬಂದಿದ್ದರೆ ಮಾತ್ರ ಲೆಕ್ಕಕ್ಕೆ ತೆಗೆದುಕೊಂಡರು. ಹಾಗಿದ್ದೂ ಹತ್ತರಲ್ಲಿ ಒಂದಕ್ಕಿಂತ ತುಸು ಹೆಚ್ಚು ಮಕ್ಕಳು ಆ ಲೆಕ್ಕದೊಳಗೆ ಬಂದರು. ಇಂಥ ಮಕ್ಕಳಲ್ಲಿ ಇಂತಹ ರೋಗ ಎಂದು ಬೆರಳಿಟ್ಟು ತೋರಿಸಬಹುದಾದದ್ದು ಕೆಲವರಿಗೆ ಮಾತ್ರ ಎಂದು ಆಪ್ಲಿ ಕಂಡರು. ನೋವಿನ ಜಾಗ ಹೊಕ್ಕುಳಿನಿಂದ ದೂರ ಹೋದಷ್ಟೂ ದೇಹದೊಳಗೆ ನಿಜವಾದ ರೋಗವಿರುವ ಸಾಧ್ಯತೆ ಹೆಚ್ಚು ಎಂಬ ಅವರ ಸೂತ್ರವನ್ನು ವೈದ್ಯ ವಿದ್ಯಾರ್ಥಿಗಳು ಇಂದಿಗೂ ಕಲಿಯುತ್ತಾರೆ. ಅಂಗೈಯನ್ನು ಹೊಕ್ಕುಳಿನ ಮೇಲೆ ಇಡುವ ನಮ್ಮ ಸೋಮವಾರದ ಮಗು ಈ ಸೂತ್ರಕ್ಕೆ ಸರಿಯಾಗಿ ಸಿಕ್ಕುತ್ತದೆ.

ರೋಗವಿಲ್ಲದಿದ್ದರೆ ನೋವು ಎಲ್ಲಿಂದ? ನಮ್ಮ ಕರುಳಿನ ಗೋಡೆಯಲ್ಲಿ ಹತ್ತು ಕೋಟಿಗೂ ಹೆಚ್ಚು ನರಕೋಶಗಳಿವೆ. ಮಿದುಳಿಗೂ ಅವಕ್ಕೂ ಹಗಲಿರುಳು ಮಾತುಕತೆ ನಡೆದೇ ಇರುತ್ತದೆ. ಹೆದರಿಕೆಯಾದಾಗ ಮೈ ಓಡಲು ತಯಾರಾಗುತ್ತದೆ. ರಕ್ತ ಕೈಕಾಲಿನ ಸ್ನಾಯುಗಳತ್ತ ಹರಿಯುತ್ತದೆ, ಜಠರದ ಕೆಲಸ ನಿಧಾನವಾಗುತ್ತದೆ, ಕರುಳಿನ ಚಲನೆಯ ಲಯ ತಪ್ಪುತ್ತದೆ. ಕೆಲವು ಮಕ್ಕಳ ಕರುಳು ಹುಟ್ಟಾ ಸೂಕ್ಷ್ಮ. ಬೇರೆಯವರಿಗೆ ಗಮನಕ್ಕೇ ಬಾರದ ಗಾಳಿ, ಸೆಳೆತ ಅವರಿಗೆ ನೋವಾಗಿ ಕಾಣುತ್ತದೆ. ಶಾಲೆಗೆ ಚಕ್ಕರ್ ಹೊಡೆಯಲು ನೋವನ್ನು ಹುಟ್ಟಿಸಿಕೊಂಡಿದೆ ಎನ್ನುವ ಅಪ್ಪನಿಗೆ, ಶಾಲೆಯ ನೆನಪೇ ನೋವನ್ನು ಹುಟ್ಟಿಸಿರಬಹುದು ಎಂದು ಹೊಳೆಯುವುದಿಲ್ಲ. ವ್ಯಾನು ಹೋದ ಮೇಲೆ ನೋವು ಹೋಯಿತಲ್ಲ ಎಂಬುದನ್ನು ಅವರು ಕಳ್ಳತನಕ್ಕೆ ಪುರಾವೆಯಾಗಿ ಹಿಡಿಯುತ್ತಾರೆ. ಹೆದರಿಕೆ ಹೋಯಿತು, ನೋವೂ ಹೋಯಿತು; ಅದರಲ್ಲಿ ಕಳ್ಳತನವೇನೂ ಇಲ್ಲ.

ಆದರೂ ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳಿಬಿಡಬೇಕು. ಮಗುವನ್ನು ನಿದ್ದೆಯಿಂದ ಎಬ್ಬಿಸುವ ನೋವು, ಹೊಟ್ಟೆಯ ಬಲಭಾಗದಲ್ಲಿ ಕೆಳಗೆ ಕಾಣಿಸುವ ನೋವು, ಜ್ವರ, ನಿಲ್ಲದ ವಾಂತಿ, ಮಲದಲ್ಲಿ ರಕ್ತ, ಉರಿಮೂತ್ರ, ತೂಕ ಇಳಿಯುವುದು, ಎತ್ತರ ನಿಂತುಬಿಡುವುದು — ಇವುಗಳಲ್ಲಿ ಒಂದಿದ್ದರೂ ಅಂಕಣ ಓದುತ್ತ ಕೂರಬಾರದು, ಡಾಕ್ಟರ ಹತ್ತಿರ ಹೋಗಬೇಕು. ಉಳಿದ ಬಹುಪಾಲು ನೋವುಗಳ ಕಾರಣ ಮನೆಯ ಅಡುಗೆಮನೆ, ಮಲಗುವ ಕೋಣೆ, ತರಗತಿ ಮತ್ತು ಶೌಚಾಲಯದ ನಡುವೆ ಎಲ್ಲೋ ಇರುತ್ತದೆ.

ಅಡುಗೆಮನೆಯದ್ದನ್ನು ನೋಡಿ. ನಗರದ ಖಾಸಗಿ ಶಾಲೆಯ ವ್ಯಾನು ಏಳೂಕಾಲಿಗೋ ಏಳೂವರೆಗೋ ಬರುತ್ತದೆ. ಅಷ್ಟು ಬೆಳಿಗ್ಗೆ ಬಹಳ ಮಕ್ಕಳಿಗೆ ಹಸಿವಾಗುವುದಿಲ್ಲ. ಅರ್ಧ ಲೋಟ ಹಾಲು, ಎರಡು ಬಿಸ್ಕತ್ತು. ಇನ್ನು ಡಬ್ಬಿ ತೆರೆಯುವುದು ಹತ್ತೂವರೆಗೆ. ಸರ್ಕಾರಿ ಶಾಲೆಯ ಮಗುವಿನ ಪಾಡು ಬೇರೆ. ತಾಯಿ ಬೆಳಕು ಹರಿಯುವ ಮುಂಚೆ ಗಾರ್ಮೆಂಟ್ಸಿಗೋ ಕೂಲಿಗೋ ಹೊರಟಿರುತ್ತಾಳೆ, ರಾತ್ರಿಯ ಅನ್ನ ಉಳಿದಿದ್ದರೆ ಉಂಟು. ಆದರೆ ಇಲ್ಲಿ ಸರ್ಕಾರ ಒಂದು ಕೈ ಮುಂದಿದೆ ಎನ್ನಬೇಕು. 2001ರಲ್ಲಿ ಸುಪ್ರೀಂ ಕೋರ್ಟ್ ಶಾಲೆಗಳಲ್ಲಿ ಬೇಯಿಸಿದ ಊಟ ಕೊಡಲೇಬೇಕೆಂದು ಆದೇಶಿಸಿದ ಮೇಲೆ ನಮ್ಮಲ್ಲಿ ಅಕ್ಷರ ದಾಸೋಹ ಬಂತು. ಒಂದರಿಂದ ಐದನೇ ತರಗತಿಯ ಮಗುವಿನ ಬಿಸಿಯೂಟದಲ್ಲಿ 450 ಕ್ಯಾಲರಿ, 12 ಗ್ರಾಂ ಪ್ರೋಟೀನ್ ಇರಬೇಕೆಂಬುದು ನಿಯಮ. 2013ರಲ್ಲಿ ಕ್ಷೀರಭಾಗ್ಯದ ಹಾಲು ಬಂತು, 2024ರಲ್ಲಿ ಆ ಹಾಲಿಗೆ ವಾರಕ್ಕೆ ಮೂರು ದಿನ ರಾಗಿ ಮಾಲ್ಟ್ ಸೇರಿತು. ಅದೇ ವರ್ಷ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನಿಂದ ಶಾಲೆ ನಡೆಯುವ ಆರೂ ದಿನ ಮೊಟ್ಟೆ ಎಂದಾಯಿತು, ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು. ಹೀಗಾಗಿ ಬೆಳಗಿನ ಹೊತ್ತು, ಫೀಸು ಕಟ್ಟಿ ಓದುವ ಮಗುವಿಗಿಂತ ಸರ್ಕಾರಿ ಶಾಲೆಯ ಮಗುವಿನ ಹೊಟ್ಟೆಗೇ ಏನಾದರೂ ಬಿಸಿಯಾದದ್ದು ಬಿದ್ದಿರುತ್ತದೆ. ತಮಿಳುನಾಡು 2022ರ ಸೆಪ್ಟೆಂಬರ್‌ನಲ್ಲಿ ಶುರುಮಾಡಿದಂಥ ಬೆಳಗಿನ ತಿಂಡಿ ನಮ್ಮಲ್ಲಿನ್ನೂ ಬಂದಿಲ್ಲ. ಉಪ್ಪಿಟ್ಟು, ಪೊಂಗಲ್ ಕೊಡಲು ಅವರಿಗೆ ಆಗುವುದಾದರೆ ನಮಗೇಕೆ ಆಗದು ಎಂದು ಬಜೆಟ್ಟಿನ ಹೊತ್ತಿಗೆ ಯಾರಾದರೂ ಕೇಳಬೇಕು.

ಹೊಟ್ಟೆಹುಳುವಿನ ವಿಷಯ ಎಲ್ಲರಿಗೂ ಗೊತ್ತಿರುವುದೇ. ಫೆಬ್ರುವರಿ 10ರ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು ಶಾಲೆಯಲ್ಲಿ ಕೊಡುವ ಅಲ್ಬೆಂಡಜೋಲ್ ಮಾತ್ರೆಯನ್ನು ಮಗು ಟೀಚರ ಎದುರೇ ಅಗಿದು ನುಂಗಬೇಕು. 'ಮನೆಗೆ ಕಳಿಸಿ, ಊಟ ಆದ ಮೇಲೆ ಕೊಡುತ್ತೇವೆ' ಎನ್ನುವ ಪೋಷಕರ ಮನೆಯಲ್ಲಿ ಆ ಮಾತ್ರೆ ಫ್ರಿಜ್ಜಿನ ಮೇಲೆ ಮುಂದಿನ ಫೆಬ್ರುವರಿಯವರೆಗೂ ಇರುತ್ತದೆ.

ಇನ್ನು ತರಗತಿಗೆ ಬರೋಣ. ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂದದ್ದು 2010ರ ಏಪ್ರಿಲ್ 1ಕ್ಕೆ. ಅದರ 17ನೇ ಸೆಕ್ಷನ್ನು ಮಗುವಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ಒಂದೇ ವಾಕ್ಯದಲ್ಲಿ ನಿಷೇಧಿಸುತ್ತದೆ. ಮೊದಲನೆಯದನ್ನು ಶಾಲೆಗಳು ಹೆಚ್ಚುಕಡಿಮೆ ಅರ್ಥಮಾಡಿಕೊಂಡಿವೆ. ಹುಣಸೆ ಬರಲು ಮೇಜಿನ ಮೇಲಿಂದ ಇಳಿದಿದೆ, ಕೆಲವು ಕಡೆ ಬೀರುವಿನೊಳಗೆ ಹೋಗಿದೆ. ಎರಡನೆಯದು ಏನೆಂಬುದರಲ್ಲೇ ಗೊಂದಲ. ಫೀಸು ಬಾಕಿ ಇರುವ ಮಕ್ಕಳ ಹೆಸರನ್ನು ಪ್ರಾರ್ಥನೆಯ ಸಾಲಿನಲ್ಲಿ ಓದುವುದು, ಕಡಿಮೆ ಅಂಕದ ಉತ್ತರ ಪತ್ರಿಕೆಯನ್ನು ಎತ್ತಿ ಹಿಡಿದು 'ಯಾರದ್ದು ಹೇಳಿ ನೋಡೋಣ' ಎನ್ನುವುದು, ಕನ್ನಡದಲ್ಲಿ ಮಾತಾಡಿದ್ದಕ್ಕೆ ದಂಡ ಹಾಕುವುದು, ಅಕ್ಕನ ಜೊತೆ ಹೋಲಿಸುವುದು — ಇವೆಲ್ಲ ಅವರ ಪಟ್ಟಿಯಲ್ಲಿ ಶಿಕ್ಷೆಗಳಲ್ಲ, ಶಿಸ್ತು. ಬೆತ್ತದ ಪೆಟ್ಟಿನ ಗುರುತು ಸಂಜೆಗೆ ಸ್ನಾನ ಮಾಡಿಸುವಾಗ ಅಮ್ಮನಿಗೆ ಕಾಣುತ್ತಿತ್ತು. ಇವುಗಳ ಗುರುತು ಕಾಣುವುದಿಲ್ಲ; ಮುಂದಿನ ಸೋಮವಾರ ಹೊಕ್ಕುಳಿನ ಸುತ್ತ ಬರುತ್ತದೆ.

ಮನೆಯವರೂ ಕಡಿಮೆಯೇನಲ್ಲ. 'ನಾಲ್ಕು ಬಾರಿಸಿ ಮಿಸ್, ನಾವೇನೂ ಕೇಳಲ್ಲ' ಎಂದು ಪೋಷಕರ ಸಭೆಯಲ್ಲಿ ಎದ್ದು ನಿಂತು ಹೇಳುವ ತಂದೆಯರನ್ನು ನಾನು ಕಂಡಿದ್ದೇನೆ, ಮಗು ಪಕ್ಕದಲ್ಲೇ ನಿಂತಿರುತ್ತದೆ. ತನ್ನನ್ನು ಕಾಯಬೇಕಾದ ಇಬ್ಬರೂ ತನ್ನ ವಿರುದ್ಧ ಒಪ್ಪಂದ ಮಾಡಿಕೊಂಡದ್ದನ್ನು ಕೇಳಿಸಿಕೊಂಡ ಮಗು ಯಾರ ಹತ್ತಿರ ಹೋಗಿ ಏನು ಹೇಳೀತು? ಸ್ವಾಮಿಯ ಕಥೆಯಲ್ಲಿ ಇದರ ತದ್ವಿರುದ್ಧ ನಡೆಯುತ್ತದೆ. ತಲೆನೋವಿಗೆ ಅಪ್ಪ ಜಗ್ಗದಾಗ ಸ್ವಾಮಿ, ತಡವಾಗಿ ಹೋದರೆ ಸ್ಯಾಮುಯೆಲ್ ಮೇಷ್ಟ್ರು ಹೊಡೆಯುತ್ತಾರೆ ಎಂದು ಬಣ್ಣ ಕಟ್ಟಿ ಹೇಳುತ್ತಾನೆ. ಅಪ್ಪ ಹೆಡ್‌ಮಾಸ್ಟರಿಗೆ ಪತ್ರವನ್ನೇ ಬರೆದುಕೊಡುತ್ತಾರೆ. ಅದನ್ನು ಜೇಬಿನಲ್ಲಿಟ್ಟುಕೊಂಡ ಸ್ವಾಮಿ ಇಡೀ ದಿನ ಪಡುವ ಪೇಚಾಟ ಓದಿ ನಾವೆಲ್ಲ ನಕ್ಕಿದ್ದೇವೆ. ಆದರೆ ಅಪ್ಪ ಶಾಲೆಗೆ ಬರೆಯುವ ಪತ್ರದಿಂದ ತನಗೇನಾದೀತು ಎಂಬ ಆ ಅಳುಕು ಎಲ್ಲ ಮಕ್ಕಳಲ್ಲೂ ಇರುತ್ತದೆ. ಶಾಲೆಯಲ್ಲಿ ಏನೋ ಆಗಿದೆ ಎಂದು ತಿಳಿದ ಕೂಡಲೇ 'ಬಾ, ನಿಮ್ಮ ಮಿಸ್ಸನ್ನ ಈಗಲೇ ಕೇಳ್ತೀನಿ' ಎಂದು ಚಪ್ಪಲಿ ಮೆಟ್ಟುವ ಪೋಷಕರಿಗೆ ಮಗು ಎರಡನೇ ಸಲ ಏನನ್ನೂ ಹೇಳುವುದಿಲ್ಲ.

ಪರೀಕ್ಷೆಯ ಮಾತು ಬೇರೆಯೇ ಇದೆ. ಮಗುವಿನ ಮೌಲ್ಯಮಾಪನ ಹೆದರಿಕೆ, ಆಘಾತ, ಆತಂಕ ಹುಟ್ಟಿಸದಂತಿರಬೇಕು ಎನ್ನುವುದು ಅದೇ ಕಾಯ್ದೆಯ 29ನೇ ಸೆಕ್ಷನ್ನಿನ ಆಶಯ. 2024ರ ಮಾರ್ಚ್‌ನಲ್ಲಿ ನಮ್ಮ ರಾಜ್ಯದ ಐದನೇ ತರಗತಿಯ ಮಕ್ಕಳಿಗೆ ಆದದ್ದನ್ನು ನೆನೆಸಿಕೊಳ್ಳಿ. ಪರೀಕ್ಷೆ ಶುರುವಾಯಿತು, ಸುಪ್ರೀಂ ಕೋರ್ಟಿನ ಆದೇಶದಿಂದ ನಡುವೆಯೇ ನಿಂತಿತು, ಹೈಕೋರ್ಟಿನ ತೀರ್ಪಿನ ಮೇಲೆ ಮತ್ತೆ ನಡೆಯಿತು, ಏಪ್ರಿಲ್‌ನಲ್ಲಿ ಫಲಿತಾಂಶಕ್ಕೆ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಇಲಾಖೆಯದ್ದು ಸರಿಯೋ ಖಾಸಗಿ ಶಾಲೆಗಳ ಸಂಘದ್ದು ಸರಿಯೋ ಎಂಬ ವಾದವನ್ನು ವಕೀಲರಿಗೆ ಬಿಡೋಣ. ಹತ್ತು-ಹನ್ನೊಂದು ವರ್ಷದವರು ಎರಡು ವಾರ 'ನಾಳೆ ಪರೀಕ್ಷೆ ಇದೆಯಾ, ಇಲ್ವಾ' ಎಂದು ಟಿವಿ ನೋಡುತ್ತ ಕೂತಿದ್ದರು.

ಹೊಟ್ಟೆನೋವಿನ ಕಾರಣಕ್ಕೆ ಎರಡು ದಿನ ಮನೆಯಲ್ಲಿ ಉಳಿಸಿಕೊಂಡರೆ ನೋವು ವಾಸಿಯಾಗುತ್ತದೆ ಎಂದು ತಿಳಿಯುವುದು ಸಹಜ. ಆಗುವುದು ಬೇರೆ. ಮೂರನೇ ದಿನ ಹೊರಟಾಗ ಆ ಎರಡು ದಿನದ ಪಾಠ, ಬರೆಯದ ನೋಟ್ಸು, 'ಎಲ್ಲಿ ಹೋಗಿದ್ದೆ' ಎಂಬ ಪ್ರಶ್ನೆ ಎಲ್ಲವೂ ಸೇರಿ ನೋವು ಇಮ್ಮಡಿಯಾಗುತ್ತದೆ. ಶಾಲೆ ತಪ್ಪಿದಷ್ಟೂ ಶಾಲೆ ದೊಡ್ಡದಾಗಿ ಕಾಣುತ್ತದೆ. ಆದ್ದರಿಂದ ಮೇಲೆ ಹೇಳಿದ ಅಪಾಯದ ಲಕ್ಷಣಗಳಿಲ್ಲ ಎಂದಾದರೆ, ನೋವನ್ನು ನಂಬಿಯೂ ಮಗುವನ್ನು ಶಾಲೆಗೆ ಕಳಿಸುವುದೇ ಸರಿ. 'ನೋವಿದೆ ಅಂತ ಗೊತ್ತು ಪುಟ್ಟಾ. ಹೋಗಿ ಬಾ, ಜಾಸ್ತಿಯಾದರೆ ಟೀಚರಿಗೆ ಹೇಳು, ಅವರಿಗೆ ನಾನು ಹೇಳಿರ್ತೀನಿ' ಎನ್ನುವ ಮಾತು ಓಮದ ನೀರಿಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ಕೊನೆಯ ಭಾಗ ಸುಳ್ಳಾಗಬಾರದು, ಅಷ್ಟೆ. ಟೀಚರಿಗೆ ನಿಜವಾಗಿಯೂ ಫೋನ್ ಮಾಡಿರಬೇಕು.

ಶಾಲೆಗೆ ಮರಳುವ ಮಗುವಿನ ಈ ಕಷ್ಟಕ್ಕೆ ನಮ್ಮ ರಾಜ್ಯದಲ್ಲೇ ಒಂದು ಉತ್ತರ ಹುಟ್ಟಿತ್ತು. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ತಾಲ್ಲೂಕಿನ ಶಿಕ್ಷಕರು ಆಂಧ್ರದ ರಿಷಿವ್ಯಾಲಿ ಶಾಲೆಯ ಮಾದರಿಯನ್ನು ನೋಡಿಬಂದು, ಯುನಿಸೆಫ್ ನೆರವಿನಿಂದ ನಲಿ-ಕಲಿ ಎಂಬ ಪದ್ಧತಿಯನ್ನು ಕಟ್ಟಿದರು. ಮುಂದೆ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಮೊದಲ ತರಗತಿಗಳಿಗೆಲ್ಲ ಬಂತು. ಅದರಲ್ಲಿ ಪಾಠವನ್ನು ಇಡೀ ತರಗತಿಗೆ ಒಟ್ಟಿಗೆ ಮಾಡುವುದಿಲ್ಲ. ಕಲಿಕೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಒಡೆದು ಗೋಡೆಗೆ ಕಲಿಕಾ ಏಣಿಯೊಂದನ್ನು ಹಾಕಿರುತ್ತಾರೆ. ಪ್ರತಿ ಮಗುವೂ ತಾನು ಎಲ್ಲಿದ್ದೇನೆ ಎಂದು ಅದರಲ್ಲಿ ನೋಡಿ, ತನ್ನ ಕಾರ್ಡು ತೆಗೆದುಕೊಂಡು ತನ್ನ ತಟ್ಟೆಗೆ ಹೋಗಿ ಕೂರುತ್ತದೆ. (ತಟ್ಟೆ ಎಂದರೆ ಇಲ್ಲಿ ಊಟದ್ದಲ್ಲ, ಗುಂಪು ಕೂರುವ ಜಾಗ.) ಜ್ವರ ಬಂದೋ, ಜಾತ್ರೆಗೆ ಹೋಗಿಯೋ, ಕೊಯ್ಲಿನ ಕಾಲದಲ್ಲಿ ಅಪ್ಪ-ಅಮ್ಮನ ಜೊತೆ ಊರು ಬಿಟ್ಟೋ ವಾರಗಟ್ಟಲೆ ಬಾರದಿದ್ದ ಮಗು ಬಂದರೆ, ಬಿಟ್ಟ ಮೆಟ್ಟಿಲಿನಿಂದ ಮುಂದಕ್ಕೆ. ಹಿಂದೆ ಬಿದ್ದೆ ಎನ್ನುವ ಪ್ರಶ್ನೆಯೇ ಇಲ್ಲ. ಶಿಕ್ಷಕರ ಕೊರತೆ, ಕಾರ್ಡು ಹರಿದುಹೋದರೆ ಹೊಸದು ಬಾರದಿರುವುದು, ಒಬ್ಬರೇ ಮೂರು ತರಗತಿ ನೋಡಬೇಕಾದ ಸ್ಥಿತಿ — ನಲಿ-ಕಲಿ ಸೊರಗಲು ಕಾರಣಗಳು ಹಲವು, ಅದರ ಬಗ್ಗೆ ಶಿಕ್ಷಕರಲ್ಲೇ ಎರಡು ಅಭಿಪ್ರಾಯಗಳಿವೆ. ಆದರೆ ತಪ್ಪಿಸಿಕೊಂಡ ಮಗುವಿಗೆ ಮರಳುವ ದಾರಿಯನ್ನು ಮೊದಲೇ ಯೋಚಿಸಿ ಇಟ್ಟ ಪದ್ಧತಿ ನಮ್ಮಲ್ಲಿ ಬೇರೊಂದಿಲ್ಲ.

ಸೋಮವಾರವೇ ಏಕೆ ಎಂಬುದಕ್ಕೆ ಭಾನುವಾರ ರಾತ್ರಿಯೂ ಉತ್ತರ ಕೊಡುತ್ತದೆ. ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ ದಿನಕ್ಕೆ ಒಂಬತ್ತರಿಂದ ಹನ್ನೆರಡು ಗಂಟೆ ನಿದ್ದೆ ಬೇಕು. ಆರೂವರೆಗೆ ಏಳಬೇಕಾದ ಮಗು ಒಂಬತ್ತೂವರೆಗಾದರೂ ಮಲಗಿರಬೇಕು. ಭಾನುವಾರ ಮದುವೆ, ಮಾಲು, ಅಜ್ಜಿಯ ಊರಿನಿಂದ ಕೊನೆಯ ಬಸ್ಸು. ಮನೆ ಸೇರಿದ ಮೇಲೆ ದೊಡ್ಡವರು ಮೊಬೈಲ್ ಹಿಡಿದು ಕೂತರೆ ಮಗು ಇನ್ನೊಂದು ಮೊಬೈಲ್ ಹಿಡಿಯುತ್ತದೆ. ಹನ್ನೊಂದಕ್ಕೆ ಮಲಗಿದ ಮಗುವನ್ನು ಬೆಳಿಗ್ಗೆ ಎಬ್ಬಿಸುವಾಗ ಅದರ ಹೊಟ್ಟೆ ಇನ್ನೂ ಮಲಗಿರುತ್ತದೆ. ಇದನ್ನು ಶಾಲೆ ಸರಿಪಡಿಸಲಾರದು. ಬೆನ್ನ ಮೇಲಿನ ಭಾರವನ್ನು ಮನೆ ಸರಿಪಡಿಸಲಾರದು ಎಂಬುದೂ ಅಷ್ಟೇ ನಿಜ: ಒಂದು-ಎರಡನೇ ತರಗತಿಯ ಚೀಲ ಎರಡು ಕೆಜಿ ಮೀರಬಾರದು, ಮೂರರಿಂದ ಐದರವರದ್ದು ಮೂರು ಕೆಜಿ ಎಂದು ಸರ್ಕಾರ 2019ರಲ್ಲೇ ಆದೇಶ ಹೊರಡಿಸಿತ್ತು, 2023ರಲ್ಲಿ ಅದನ್ನೇ ಮತ್ತೆ ಹೊರಡಿಸಿತು. ಒಂದೇ ಆದೇಶವನ್ನು ಎರಡು ಸಲ ಹೊರಡಿಸಬೇಕಾಗಿ ಬಂತೆಂದರೆ ಮೊದಲನೆಯದಕ್ಕೆ ಏನಾಯಿತು ಎಂದು ಊಹಿಸಬಹುದು.

ಶಾಲೆಯಿಂದ ಬಂದ ಮಗುವನ್ನು ನಾವು ಕೇಳುವ ಪ್ರಶ್ನೆಗಳೂ ನೆಟ್ಟಗಿಲ್ಲ. 'ಏನು ಪಾಠ ಮಾಡಿದ್ರು? ಹೋಂವರ್ಕ್ ಏನಿದೆ? ಟೆಸ್ಟಿನಲ್ಲಿ ಎಷ್ಟು?' ಮೂರೂ ಪೊಲೀಸ್ ಸ್ಟೇಷನ್ನಿನ ಪ್ರಶ್ನೆಗಳೇ. 'ಇವತ್ತು ಊಟಕ್ಕೆ ಯಾರ ಪಕ್ಕ ಕೂತಿದ್ದೆ?' ಎಂದು ಕೇಳಿ ನೋಡಿ. ಮೂರು ದಿನ ಒಂದೇ ಹೆಸರು ಬಂದರೆ ಸ್ನೇಹಿತ ಸಿಕ್ಕಿದ್ದಾನೆ ಎಂದರ್ಥ. ಹೆಸರೇ ಬಾರದಿದ್ದರೆ, ಇಲ್ಲವೇ 'ಅವರು ನನ್ನ ಪಕ್ಕ ಕೂರಲ್ಲ' ಎಂದರೆ, ಅಲ್ಲಿ ಅಡ್ಡಹೆಸರೋ, ಜಾತಿಯೋ, ಬಟ್ಟೆಯೋ, ಬಣ್ಣವೋ ಏನೋ ಒಂದು ಕೆಲಸ ಮಾಡುತ್ತಿದೆ. ನಿರ್ದಿಷ್ಟ ವ್ಯಕ್ತಿಯ ಹೆಸರು ಬಂದ ಕೂಡಲೇ ನೋವು ಹೆಚ್ಚಾಗುತ್ತಿದ್ದರೆ, ವ್ಯಾನಿನಲ್ಲೋ ಟ್ಯೂಷನ್ನಿನಲ್ಲೋ ನೆಂಟರ ಮನೆಯಲ್ಲೋ ಯಾರಾದರೂ ಮೈ ಮುಟ್ಟುತ್ತಿದ್ದಾರೆಯೇ ಎಂದು ಸಮಾಧಾನವಾಗಿ ಕೇಳಬೇಕು, ಹೌದೆಂದರೆ ನಂಬಬೇಕು. 1098 ಮಕ್ಕಳ ಸಹಾಯವಾಣಿ, ಯಾವ ಊರಿನಿಂದಾದರೂ ಉಚಿತ. ಆ ನಾಲ್ಕು ಅಂಕಿಗಳನ್ನು ಮಗ್ಗಿಯ ಜೊತೆ ಬಾಯಿಪಾಠ ಮಾಡಿಸಿದರೆ ನಷ್ಟವಿಲ್ಲ.

ಶೌಚಾಲಯವನ್ನು ಕೊನೆಗೆ ಇಟ್ಟುಕೊಂಡೆ. ಮೇಲೆ ಹೇಳಿದ ಎಲ್ಲದಕ್ಕಿಂತ ಸುಲಭವಾಗಿ ಸರಿಪಡಿಸಬಹುದಾದದ್ದು ಇದು, ಎಲ್ಲದಕ್ಕಿಂತ ಕಡಿಮೆ ಮಾತಾಡುವುದೂ ಇದರ ಬಗ್ಗೆಯೇ.

ಮಗುವಿನ ಮೂತ್ರಕೋಶ ಎಷ್ಟು ಹಿಡಿಯುತ್ತದೆ ಎಂಬುದಕ್ಕೆ ವೈದ್ಯರ ಬಳಿ ಸರಳ ಲೆಕ್ಕವಿದೆ: ವಯಸ್ಸಿಗೆ ಒಂದು ಕೂಡಿಸಿ, ಮೂವತ್ತರಿಂದ ಗುಣಿಸಿ. ಎಂಟು ವರ್ಷದವಳಿಗೆ 270 ಮಿಲಿಲೀಟರ್. ಅಂದರೆ ಮನೆಯ ದೊಡ್ಡ ಸ್ಟೀಲ್ ಲೋಟದಷ್ಟು. ಅದು ತುಂಬಲು ಕೆಲವೇ ಗಂಟೆ ಸಾಕು. ಈಗ ಇನ್ನೊಂದು ಲೆಕ್ಕ ಹಾಕಿ. ಶಾಲೆಯಲ್ಲಿ ಇನ್ನೂರು ಹುಡುಗಿಯರು, ನಾಲ್ಕು ಶೌಚಾಲಯ, ಹತ್ತು ನಿಮಿಷದ ಬಿಡುವು. ಒಬ್ಬೊಬ್ಬಳಿಗೆ ಹನ್ನೆರಡು ಸೆಕೆಂಡ್. ನಾಲ್ಕರಲ್ಲಿ ಒಂದು ಟೀಚರುಗಳದ್ದು ಎಂದು ಬೀಗ ಹಾಕಿದ್ದರೆ, ಇನ್ನೊಂದರ ಚಿಲಕ ಕಿತ್ತುಹೋಗಿದ್ದರೆ, ಆ ಹನ್ನೆರಡು ಸೆಕೆಂಡೂ ಇಲ್ಲ. ತರಗತಿಯ ನಡುವೆ ಕೇಳಿಕೊಂಡು ಹೋಗಬಹುದಲ್ಲ ಎನ್ನುತ್ತೀರಿ. ಇಂಗ್ಲಿಷ್ ಮೀಡಿಯಂ ಶಾಲೆಗಳಲ್ಲಿ ಮಕ್ಕಳಿಗೆ ಕಲಿಸುವ ಮೊದಲ ಪೂರ್ಣ ವಾಕ್ಯ 'ಮೇ ಐ ಗೋ ಟು ಟಾಯ್ಲೆಟ್ ಮಿಸ್' ಎಂಬುದು. ಅವಸರದಲ್ಲಿ ಆ ವಾಕ್ಯ ಮರೆತುಹೋದ ಮಗು ಕನ್ನಡದಲ್ಲಿ ಕೇಳಲು ಹೆದರಿ ಸುಮ್ಮನೆ ಕೂತಿರುತ್ತದೆ. ವಾಕ್ಯ ನೆನಪಿರುವ ಮಗು ಕೇಳಿದರೆ 'ಈಗ ತಾನೇ ಬೆಲ್ ಆಯ್ತಲ್ಲ, ಆಗ ಏನು ಮಾಡ್ತಿದ್ದೆ' ಎಂಬ ಉತ್ತರ ಬರುತ್ತದೆ.

ಮಕ್ಕಳು ಇದಕ್ಕೆ ತಾವೇ ಪರಿಹಾರ ಹುಡುಕಿಕೊಂಡಿದ್ದಾರೆ: ನೀರು ಕುಡಿಯುವುದಿಲ್ಲ. ಬೆಳಿಗ್ಗೆ ತುಂಬಿಸಿದ ಬಾಟಲಿ ಸಂಜೆ ಮುಕ್ಕಾಲು ತುಂಬಿಕೊಂಡೇ ಮನೆಗೆ ಬರುತ್ತದೆ. 2019ರಲ್ಲಿ ಕೇರಳದ ಶಾಲೆಗಳನ್ನು ನೋಡಿ ನಮ್ಮಲ್ಲೂ ನೀರಿನ ಬೆಲ್ ಹೊಡೆಯಬೇಕೆಂದು ಅಂದಿನ ಶಿಕ್ಷಣ ಸಚಿವರು ಹೇಳಿದ್ದರು; ಕೆಲವು ಶಾಲೆಗಳಲ್ಲಿ ಈಗಲೂ ಹೊಡೆಯುತ್ತಾರೆ. ಒಳ್ಳೆಯದೇ. ಆದರೆ ಕುಡಿದ ನೀರು ಹೋಗುವ ಜಾಗ ಸರಿಯಿಲ್ಲದ ಕಡೆ ಆ ಬೆಲ್ಲಿಗೆ ಯಾವ ಹುಡುಗಿಯೂ ಬಾಟಲಿ ಎತ್ತುವುದಿಲ್ಲ. ನೀರು ಕಡಿಮೆಯಾದರೆ ಮೂತ್ರ ಉರಿಯುತ್ತದೆ, ಸೋಂಕು ತಗಲುತ್ತದೆ, ಮಲ ಗಟ್ಟಿಯಾಗುತ್ತದೆ. ಗಟ್ಟಿಯಾದ ಮಲ ನೋಯುತ್ತದೆಂದು ಮಗು ಅದನ್ನೂ ತಡೆಯುತ್ತದೆ. ತಡೆದಷ್ಟೂ ಇನ್ನೂ ಗಟ್ಟಿ. ತುಂಬಿದ ಕರುಳು ಮೂತ್ರಕೋಶವನ್ನು ಒತ್ತುವುದರಿಂದ ದೊಡ್ಡ ಮಕ್ಕಳೂ ಚಡ್ಡಿ ಒದ್ದೆ ಮಾಡಿಕೊಳ್ಳುತ್ತಾರೆ. ಅದಕ್ಕೆ ಮನೆಯಲ್ಲಿ ಬೈಗುಳ, ಶಾಲೆಯಲ್ಲಿ ಅಡ್ಡಹೆಸರು. ಇಷ್ಟೆಲ್ಲ ಆಗಿ ಮಗು ಸೋಮವಾರ ಬೆಳಿಗ್ಗೆ ಹೊಟ್ಟೆ ಹಿಡಿದುಕೊಂಡಾಗ ನಾವು ಕೇಳುವುದು ಹೋಂವರ್ಕ್ ಬಗ್ಗೆ.

ಮನೆಯಲ್ಲಿ ಮಾಡಬಹುದಾದ ಕೆಲಸವೊಂದಿದೆ. ತಿಂಡಿ ಹೊಟ್ಟೆಗೆ ಬಿದ್ದ ಸ್ವಲ್ಪ ಹೊತ್ತಿಗೆ ದೊಡ್ಡ ಕರುಳು ತಾನಾಗಿ ಚಲಿಸುತ್ತದೆ. ಮಲ ವಿಸರ್ಜನೆಗೆ ದೇಹವೇ ಗೊತ್ತುಮಾಡಿದ ಮುಹೂರ್ತ ಅದು. ನಮ್ಮ ಮಕ್ಕಳು ಆ ಹೊತ್ತಿನಲ್ಲಿ ವ್ಯಾನಿನಲ್ಲಿರುತ್ತಾರೆ. ಹದಿನೈದು ನಿಮಿಷ ಮುಂಚೆ ಎಬ್ಬಿಸಿ, ತಿಂಡಿಯಾದ ಮೇಲೆ ಅವಸರ ಮಾಡದೆ ಶೌಚಕ್ಕೆ ಕೂರಿಸಿ. ಕಮೋಡ್ ಆದರೆ ಕಾಲು ನೇತಾಡದಂತೆ ಕೆಳಗೊಂದು ಮಣೆ ಇಡಿ. ಬಾಳೆಹಣ್ಣು, ಸೊಪ್ಪು, ನೀರು ಎಂಬ ಹಳೆಯ ಪಾಠವನ್ನು ನಾನು ಮತ್ತೆ ಹೇಳಬೇಕಿಲ್ಲ. ಈ ಒಂದು ಬದಲಾವಣೆಯಿಂದ ಎಷ್ಟೋ ಮನೆಗಳ ಸೋಮವಾರ ಸಲೀಸಾಗುತ್ತದೆ.

ಶಾಲೆಯ ಪಾಲಿನ ಕೆಲಸಕ್ಕೆ ದುಡ್ಡು ಬೇಕು, ಕೈ ಬೇಕು. 2014ರ ಸ್ವಚ್ಛ ವಿದ್ಯಾಲಯ ಅಭಿಯಾನದಿಂದ ಈಚೆಗೆ ಶೌಚಾಲಯದ ಕಟ್ಟಡವಿಲ್ಲದ ಶಾಲೆ ಅಪರೂಪ. ಇರುವುದು ಬೇರೆ, ಬಳಸುವಂತಿರುವುದು ಬೇರೆ. 'ಅಸರ್' ಸಮೀಕ್ಷೆಯವರು ಇವೆರಡನ್ನು ಬೇರೆ ಬೇರೆ ಕಾಲಮಿನಲ್ಲಿ ಬರೆಯುವುದು ಅದಕ್ಕೇ. ಸಮಗ್ರ ಶಿಕ್ಷಣ ಯೋಜನೆಯಡಿ, ನೂರಕ್ಕಿಂತ ಹೆಚ್ಚು, ಇನ್ನೂರೈವತ್ತರವರೆಗೆ ಮಕ್ಕಳಿರುವ ಸರ್ಕಾರಿ ಶಾಲೆಗೆ ವರ್ಷಕ್ಕೆ 50,000 ರೂಪಾಯಿಯ ಶಾಲಾ ಅನುದಾನ ನಿಗದಿಯಾಗಿದೆ. ಅದರಲ್ಲಿ ಕನಿಷ್ಠ ಹತ್ತನೇ ಒಂದು ಭಾಗ ಸ್ವಚ್ಛತೆಗೆ ಎಂಬುದು ನಿಯಮ. ಸೀಮೆಸುಣ್ಣ, ಕರೆಂಟ್ ಬಿಲ್ಲು, ದುರಸ್ತಿ ಎಲ್ಲ ಉಳಿದ ದುಡ್ಡಿನಲ್ಲೇ ಆಗಬೇಕಾದ್ದರಿಂದ ಕನಿಷ್ಠವೇ ಎಷ್ಟೋ ಕಡೆ ಗರಿಷ್ಠವೂ ಆಗುತ್ತದೆ. ಐದು ಸಾವಿರವನ್ನು 220 ದಿನಕ್ಕೆ ಹಂಚಿದರೆ ದಿನಕ್ಕೆ 23 ರೂಪಾಯಿಗೂ ಕಡಿಮೆ. ಯಾರು ಬಂದು ತೊಳೆಯುತ್ತಾರೆ? 2023ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯ ವಸತಿ ಶಾಲೆಯೊಂದರಲ್ಲಿ ಮಕ್ಕಳನ್ನೇ ಮಲಗುಂಡಿಗೆ ಇಳಿಸಿದ ಸುದ್ದಿ ಬಂದಾಗ ರಾಜ್ಯವೇ ತಲೆತಗ್ಗಿಸಿತು. ಮಕ್ಕಳಿಂದ ಶೌಚಾಲಯ ತೊಳೆಸಬಾರದು ಎಂಬುದು ಸರಿಯಾದ ನಿಯಮವೇ. ಹಾಗಾದರೆ ತೊಳೆಯುವವರಿಗೆ ಸಂಬಳ ಎಲ್ಲಿಂದ ಎಂಬ ಪ್ರಶ್ನೆಯನ್ನು ಹೆಡ್‌ಮಾಸ್ಟರ ಮೇಜಿನ ಮೇಲೆ ಬಿಟ್ಟು ಎಲ್ಲರೂ ಎದ್ದು ಹೋಗಿದ್ದಾರೆ. ಅವರಲ್ಲಿ ಕೆಲವರು ತಮ್ಮ ಜೇಬಿನಿಂದ ಕೊಡುತ್ತಾರೆ, ಕೆಲವರು ಬೀಗ ಹಾಕುತ್ತಾರೆ.

ಇಲ್ಲಿ ಪೋಷಕರಿಗೆ ಕಾನೂನೇ ಕುರ್ಚಿ ಹಾಕಿಕೊಟ್ಟಿದೆ. ಸರ್ಕಾರಿ ಶಾಲೆಯ ಎಸ್‌ಡಿಎಂಸಿಯಲ್ಲಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ನಾಲ್ಕರಲ್ಲಿ ಮೂರು ಪಾಲು ಪೋಷಕರಿರಬೇಕು, ಒಟ್ಟು ಸದಸ್ಯರಲ್ಲಿ ಅರ್ಧ ಮಹಿಳೆಯರು. ಆ ಸಭೆಗಳಲ್ಲಿ ಕಾಂಪೌಂಡು, ವಾರ್ಷಿಕೋತ್ಸವದ ಶಾಮಿಯಾನ, ರಂಗಮಂದಿರಕ್ಕೆ ಯಾರ ಹೆಸರು ಎಂಬ ಚರ್ಚೆಗೆ ಗಂಟೆಗಳು ಹೋಗುತ್ತವೆ. ತಾಯಂದಿರು ಎದ್ದುಹೋಗಿ ಹುಡುಗಿಯರ ಶೌಚಾಲಯದ ಬಾಗಿಲು ಹಾಕಿ, ಒಳಗಿನಿಂದ ಚಿಲಕ ಬೀಳುತ್ತದೆಯೇ ಎಂದು ನೋಡಿಬಂದರೆ ಸಭೆಯ ವಿಷಯಪಟ್ಟಿ ತಾನಾಗಿ ಬದಲಾಗುತ್ತದೆ. ಖಾಸಗಿ ಶಾಲೆಯಲ್ಲಿ ಈ ಸಮಿತಿಯೂ ಇಲ್ಲ. ಅಲ್ಲಿ ಸೇರಿಸುವ ಮೊದಲು ಸ್ಮಾರ್ಟ್ ಬೋರ್ಡು, ಈಜುಕೊಳ ತೋರಿಸುವ ಸಿಬ್ಬಂದಿಯನ್ನು 'ಮಕ್ಕಳ ಟಾಯ್ಲೆಟ್ ಎಲ್ಲಿ' ಎಂದು ಕೇಳಿ, ಬೆಳಿಗ್ಗೆ ತೊಳೆದಿಟ್ಟಾಗ ಅಲ್ಲ, ಮಧ್ಯಾಹ್ನ ಎರಡಕ್ಕೆ ನೋಡಬೇಕು.

ಪಂಚಾಯಿತಿಗಳಲ್ಲಿ ವರ್ಷಕ್ಕೊಮ್ಮೆ ನಡೆಯುವ ಮಕ್ಕಳ ಗ್ರಾಮಸಭೆಯಲ್ಲಿ ಮಕ್ಕಳು ಇದನ್ನು ನಮಗಿಂತ ನೇರವಾಗಿ ಕೇಳುತ್ತಾರೆ. ಕುಂದಾಪುರ ತಾಲ್ಲೂಕಿನ ಕೆರಾಡಿಯಲ್ಲಿ 1990ರ ದಶಕದಲ್ಲೇ ಮಕ್ಕಳ ಪಂಚಾಯಿತಿ ನಡೆಸಿದ ರಾಜ್ಯ ನಮ್ಮದು. ಮಕ್ಕಳಿಗೆ ಮೈಕು ಕೊಡುವ ಅಭ್ಯಾಸ ಹೊಸತಲ್ಲ. ಏಳನೇ ತರಗತಿಯ ಹುಡುಗಿ ಎದ್ದು ನಿಂತು, ಶೌಚಾಲಯಕ್ಕೆ ನೀರಿಲ್ಲ, ಚಿಲಕವಿಲ್ಲ ಎನ್ನುತ್ತಾಳೆ. ಪಿಡಿಒ ಬರೆದುಕೊಳ್ಳುತ್ತಾರೆ, ಸಭೆ ಚಪ್ಪಾಳೆ ತಟ್ಟುತ್ತದೆ, ಎಲ್ಲರಿಗೂ ಬಿಸ್ಕತ್ತು ಹಂಚುತ್ತಾರೆ. ಮುಂದಿನ ವರ್ಷದ ಸಭೆಗೆ ಅನುಪಾಲನಾ ವರದಿ ಬರುವ ಹೊತ್ತಿಗೆ ಆ ಹುಡುಗಿ ಹೈಸ್ಕೂಲಿಗೆ ಹೋಗಿರುತ್ತಾಳೆ. ಚಿಲಕಕ್ಕೆ ಹಾರ್ಡ್‌ವೇರ್ ಅಂಗಡಿಯಲ್ಲಿ ನೂರು ರೂಪಾಯಿ ಆಗುವುದಿಲ್ಲ, ಕೂರಿಸಲು ಅರ್ಧ ಗಂಟೆ ಬೇಕು. ವರ್ಷದ ಸಭೆಯವರೆಗೆ ಕಾಯದೆ ಈ ಶನಿವಾರವೇ ಸ್ಕ್ರೂಡ್ರೈವರ್ ಹಿಡಿದು ಶಾಲೆಗೆ ಹೋಗಬಲ್ಲ ಒಬ್ಬ ಪೋಷಕರು ಪ್ರತಿ ಊರಲ್ಲೂ ಇದ್ದಾರೆ.